ಎದೇಲಿ ಗಂಟು ಸಿಕ್ಕಿದೆ, ಯಾವ ಸ್ಕ್ಯಾನ್ ಮಾಡಿಸ್ಬೇಕು, ರಿಪೋರ್ಟ್ ಹೆಂಗೆ ಓದ್ಬೇಕು

ರಿಪೋರ್ಟ್ ಕವರ್ ಕೈಗೆ ಬಂದ ಕೂಡ್ಲೇ ಎಲ್ಲಾ ಹೆಣ್ಮಕ್ಕಳೂ ಕೇಳೋದು ಒಂದೇ ಮಾತು, "ಮೇಡಂ, ಇದು ಸಾದಾ ಗಂಟಾ, ಕ್ಯಾನ್ಸರ್ ಗಂಟಾ, ಅದೊಂದು ಹೇಳ್ಬಿಡಿ." ದಾವಣಗೆರೇಲಿ ಸ್ಕ್ಯಾನಿಂಗ್ ಸೆಂಟರಲ್ಲಿ ಮ್ಯಾಮೋಗ್ರಾಮ್ ತೆಗೆಯೋ ಕೆಲಸ ನನ್ದು, ಜಗಳೂರು, ಹರಪನಹಳ್ಳಿ, ಹೊಳಲ್ಕೆರೆ, ಚಳ್ಳಕೆರೆ ಅಂತ ಎಲ್ಲೆಲ್ಲಿಂದಲೋ ಬರ್ತಾರೆ, ಬಸ್ಸಿಗೆ ಟೈಮ್ ಆಯ್ತು ಅಂತ ಬಾಗಿಲಲ್ಲೇ ನಿಂತು ಇದನ್ನೇ ಕೇಳ್ತಾರೆ, ಅಲ್ಲಿ ಅರ್ಧ ನಿಮಿಷದಲ್ಲಿ ಹೇಳೋ ವಿಷಯ ಅಲ್ಲ ಇದು, ಅದಕ್ಕೇ ಇಲ್ಲಿ ಬಿಡಿಸಿ ಬರೀತಾ ಇದೀನಿ. ನಾನು ಡಾಕ್ಟರಲ್ಲ, ಫೋಟೋ ತೆಗೆಯೋಳು, ರಿಪೋರ್ಟ್ ಬರೆಯೋರು ರೇಡಿಯಾಲಜಿಸ್ಟ್, ಅಂದ್ರೆ ಸ್ಕ್ಯಾನ್ ಚಿತ್ರ ಓದೋ ಡಾಕ್ಟ್ರು. ನಿಮ್ಮ ಗಂಟಿನ ಬಗ್ಗೆ ಕೊನೇ ಮಾತು ನಿಮ್ಮನ್ನ ಕೈಯಾರೆ ನೋಡಿದ ಡಾಕ್ಟ್ರದ್ದೇ.

ಮೊದಲು ಒಂದು ಧೈರ್ಯದ ಮಾತು. ಎದೇಲಿ ಸಿಗೋ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ನೀರುಗಂಟು, ಫೈಬ್ರೋಅಡಿನೋಮ ಅನ್ನೋ ಸಾದಾ ಗಡ್ಡೆ, ಹಾಲುಗಂಟು, ಕೀವುಗಂಟು ಇಂಥವೇ. ಹಂಗಂತ ಸುಮ್ಮನಿರೋ ಹಂಗೂ ಇಲ್ಲ, ನಮ್ಮ ದೇಶದಲ್ಲಿ ಹೆಂಗಸ್ರಿಗೆ ಬರೋ ಕ್ಯಾನ್ಸರ್‌ಗಳಲ್ಲಿ ಸ್ತನ ಕ್ಯಾನ್ಸರೇ ಮೊದಲನೇದು, 2022ರಲ್ಲಿ ಸುಮಾರು 1.92 ಲಕ್ಷ ಹೊಸ ಕೇಸ್ ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಅಂದಾಜು. ಗಂಟು ಯಾವ ಜಾತೀದು ಅಂತ ತಿಳಿಯೋಕೆ ಮೂರು ಸಾಕ್ಷಿ ಬೇಕು: ಡಾಕ್ಟ್ರ ಕೈ, ಸ್ಕ್ಯಾನಿನ ಚಿತ್ರ, ಸೂಜಿ ಪರೀಕ್ಷೆ. ಇದಕ್ಕೆ ಟ್ರಿಪಲ್ ಅಸೆಸ್‌ಮೆಂಟ್ ಅಂತಾರೆ. ಮೂರೂ ಒಂದೇ ಮಾತು ಹೇಳಿದ್ರೆ ನಂಬಬಹುದು. ಒಂದು ಸಾಕ್ಷಿ ಉಲ್ಟಾ ಹೇಳಿದ್ರೂ ಕೇಸ್ ಮುಗಿದಿಲ್ಲ ಅಂತ ಅರ್ಥ. (ಸಾದಾ ಅಂತ ಖಾತ್ರಿ ಕಾಣೋ ನೀರುಗಂಟಿಗೆಲ್ಲ ಸೂಜಿ ಬೇಕಾಗಲ್ಲ, ಅದನ್ನ ಮುಂದೆ ಹೇಳ್ತೀನಿ.)

1. ಸ್ಕ್ಯಾನಿಗೆ ಓಡೋ ಮುಂಚೆ ಡಾಕ್ಟ್ರಿಗೆ ತೋರಿಸ್ರಿ

ನೇರ ಸ್ಕ್ಯಾನಿಂಗ್ ಸೆಂಟರಿಗೆ ಬಂದು "ಎದೇದು ಒಂದು ಸ್ಕ್ಯಾನ್ ಮಾಡ್ರಿ" ಅನ್ನೋರು ಬಹಳ ಜನ. ಸರ್ಜನ್ ಹತ್ರ ಇಲ್ಲಾ ಹೆರಿಗೆ ಡಾಕ್ಟ್ರ ಹತ್ರ ಮೊದಲು ಹೋಗ್ರಿ, ಅವರು ಕೈಯಿಂದ ಮುಟ್ಟಿ ನೋಡಿ, ಎರಡೂ ಕಡೆ, ಕಂಕುಳು ಸಮೇತ, ಗಂಟು ಎಲ್ಲೈತೆ ಅಂತ ಚೀಟೀಲಿ ಬರೆದು ಕೊಡ್ತಾರೆ. ಗಡಿಯಾರದ ಲೆಕ್ಕದಲ್ಲಿ ಬರೀತಾರೆ, "ಬಲಗಡೆ 10 ಗಂಟೆ" ಅಂದ್ರೆ ಎದೆ ಮೇಲೆ ಗಡಿಯಾರ ಇಟ್ರೆ 10 ಎಲ್ಲಿ ಬರುತ್ತೋ ಆ ಜಾಗ. ಈ ಒಂದು ಸಾಲು ಇದ್ರೆ ಸ್ಕ್ಯಾನ್ ಮಾಡೋರು ಸರಿಯಾಗಿ ಅಲ್ಲೇ ಹುಡುಕ್ತಾರೆ.

ಹೋಗುವಾಗ ಒಂದು ಹಾಳೇಲಿ ಇಷ್ಟು ಬರ್ಕೊಂಡು ಹೋಗ್ರಿ: ಗಂಟು ಯಾವಾಗಿಂದ ಐತೆ, ದಪ್ಪ ಆಗ್ತಾ ಐತಾ, ಕೊನೇ ಮುಟ್ಟು ಯಾವಾಗ ಆಗಿತ್ತು, ಮಗೂಗೆ ಹಾಲು ಕುಡಿಸ್ತಾ ಇದೀರಾ, ಹಾರ್ಮೋನ್ ಮಾತ್ರೆ ಏನಾದ್ರೂ ತಗೋತೀರಾ, ತಾಯಿ, ಅಕ್ಕತಂಗಿ, ಚಿಕ್ಕಮ್ಮ, ಸೋದರತ್ತೆ ಯಾರಿಗಾದ್ರೂ ಸ್ತನದ್ದೋ ಅಂಡಾಶಯದ್ದೋ ಕ್ಯಾನ್ಸರ್ ಇತ್ತಾ. ಅಪ್ಪನ ಕಡೆ ನೆಂಟರೂ ಲೆಕ್ಕಕ್ಕೆ ಬರ್ತಾರೆ, ಇದನ್ನ ಎಲ್ರೂ ಮರೀತಾರೆ.

ಇವು ಕಂಡ್ರೆ ಒಂದು ವಾರಾನೂ ತಡ ಮಾಡ್ಬೇಡ್ರಿ: ಕಲ್ಲಿನ ಹಂಗೆ ಗಟ್ಟಿ ಇದ್ದು ಅಲ್ಲಾಡದ ಗಂಟು, ಚರ್ಮ ಗುಳಿ ಬೀಳೋದು, ಚರ್ಮ ದಪ್ಪ ಆಗಿ ಕಿತ್ತಳೆ ಸಿಪ್ಪೆ ಥರ ಕಾಣೋದು, ಮೊಲೆತೊಟ್ಟು ಹೊಸದಾಗಿ ಒಳಗೆ ಎಳ್ಕೊಳ್ಳೋದು, ಹಿಂಡದೇನೇ ತಾನಾಗಿ ಒಂದೇ ತೂತಿಂದ ರಕ್ತ ಇಲ್ಲಾ ತಿಳಿನೀರು ಬರೋದು, ತೊಟ್ಟಿನ ಮೇಲೆ ವಾಸಿ ಆಗದ ಕಜ್ಜಿ, ಕಂಕುಳಲ್ಲಿ ಗಂಟು.

ಇಲ್ಲಿ ಜನ ಎಡವೋದು ಮೂರು ಕಡೆ. ಒಂದು, "ನೋವೇ ಇಲ್ಲ, ಏನೂ ಆಗಿರಲ್ಲ" ಅನ್ನೋದು. ಕ್ಯಾನ್ಸರ್ ಗಂಟು ಶುರುವಲ್ಲಿ ಸಾಮಾನ್ಯವಾಗಿ ನೋಯಲ್ಲ, ನೋವಿಲ್ಲ ಅಂತ ಸಮಾಧಾನ ಪಡೋದು ತಪ್ಪು. ಎರಡು, ಹರಳೆಣ್ಣೆ ಹಾಕಿ ತಿಕ್ಕೋದು, ಬಿಸಿ ಶಾಖ, ಪಟ್ಟು ಕಟ್ಟಿಸೋದು, ಇದ್ರಲ್ಲಿ ತಿಂಗಳುಗಟ್ಲೆ ಹೋಗ್ಬಿಡುತ್ತೆ, ಚರ್ಮ ಸುಟ್ಟು ಕೆಂಪಾದ್ರೆ ಡಾಕ್ಟ್ರಿಗೂ ಗೊಂದಲ. ಮೂರು, ನಮ್ಮ ಕಡೆ ಬಹಳ ಕಾಣೋದು, ಕೊಯ್ಲು ಮುಗೀಲಿ, ಮಗಳ ಪರೀಕ್ಷೆ ಆಗ್ಲಿ, ದುಗ್ಗಮ್ಮನ ಜಾತ್ರೆ ಆದ್ಮೇಲೆ ನೋಡಾಣ ಅಂತ ಮುಂದಕ್ಕೆ ಹಾಕೋದು. ಮನೇಲಿ ಎಲ್ರ ಕೆಲಸ ಆದ್ಮೇಲೆ ತನ್ನ ಸರದಿ ಅಂತ ಕಾದು ಬರೋ ತಾಯಂದಿರನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ ರೀ, ದಯವಿಟ್ಟು ಹಂಗೆ ಮಾಡ್ಬೇಡ್ರಿ.

ಹಾಲು ಕುಡಿಸೋ ತಾಯಂದಿರಿಗೆ ಇನ್ನೊಂದು ಮಾತು. ಹಾಲು ಕಟ್ಟಿ ಎದೆ ಕೆಂಪಾಗಿ ಬಾತ್ಕೊಳ್ಳೋದು ಸಾಮಾನ್ಯ, ಆದ್ರೆ ಆ್ಯಂಟಿಬಯೋಟಿಕ್ ಕೋರ್ಸ್ ಮುಗಿಸಿದ್ರೂ ಕೆಂಪು, ಬಾವು ಇಳೀದೇ ಇದ್ರೆ ಮತ್ತೆ ಅದೇ ಮಾತ್ರೆ ತಗೊಂಡು ಕೂರಬೇಡ್ರಿ, ಸ್ಕ್ಯಾನ್ ಕೇಳ್ರಿ. ಇನ್‌ಫ್ಲಮೇಟರಿ ಕ್ಯಾನ್ಸರ್ ಅನ್ನೋದು ಥೇಟ್ ಸೋಂಕಿನ ಥರಾನೇ ಕಾಣುತ್ತೆ.

2. ಯಾವ ವಯಸ್ಸಿಗೆ ಯಾವ ಪರೀಕ್ಷೆ ಮೊದಲು

ಗಂಟು ಕೈಗೆ ಸಿಗ್ತಾ ಐತೆ ಅಂದ್ರೆ ಲೆಕ್ಕ ಹಿಂಗೆ. 30 ವರ್ಷದ ಒಳಗಿದ್ರೆ ಅಲ್ಟ್ರಾಸೌಂಡ್ ಮೊದಲು. 40 ದಾಟಿದ್ರೆ ಮ್ಯಾಮೋಗ್ರಾಮ್ ಮೊದಲು, ಜೊತೆಗೆ ಅಲ್ಟ್ರಾಸೌಂಡೂ ಬೇಕಾಗುತ್ತೆ. 30ರಿಂದ 39ರ ಮಧ್ಯೆ ಡಾಕ್ಟ್ರು ನೋಡಿ ಯಾವ್ದರಿಂದ ಬೇಕಾದ್ರೂ ಶುರು ಮಾಡ್ತಾರೆ. ಬಸುರಿ, ಬಾಣಂತಿಗೆ ಅಲ್ಟ್ರಾಸೌಂಡೇ ಮೊದಲು.

ಯಾಕೆ ಹಿಂಗೆ? ಮ್ಯಾಮೋಗ್ರಾಮ್ ಅಂದ್ರೆ ಸ್ತನದ ಎಕ್ಸ್‌ರೇ. ಅದ್ರಲ್ಲಿ ಕೊಬ್ಬು ಕಪ್ಪಗೆ ಕಾಣುತ್ತೆ, ಹಾಲಿನ ಗ್ರಂಥಿ ಬೆಳ್ಳಗೆ ಕಾಣುತ್ತೆ, ಗಂಟೂ ಬೆಳ್ಳಗೇ ಕಾಣುತ್ತೆ. ಚಿಕ್ಕ ವಯಸ್ಸಲ್ಲಿ ಗ್ರಂಥಿ ಜಾಸ್ತಿ, ಹಂಗಾಗಿ ಇಡೀ ಚಿತ್ರ ಬೆಳ್ಳಗೆ, ಅರಳೆ ರಾಶೀಲಿ ಬಿಳಿ ದಾರದ ಉಂಡೆ ಹುಡುಕಿದ ಹಂಗೆ. ವಯಸ್ಸಾಗ್ತಾ ಗ್ರಂಥಿ ಕರಗಿ ಕೊಬ್ಬು ಬರುತ್ತೆ, ಆಗ ಗಂಟು ಎದ್ದು ಕಾಣುತ್ತೆ. ರಿಪೋರ್ಟಲ್ಲಿ "ಡೆನ್ಸಿಟಿ ಎ, ಬಿ, ಸಿ, ಡಿ" ಅಂತ ಇರೋದು ಇದೇ, ಎ ಅಂದ್ರೆ ಬಹುಪಾಲು ಕೊಬ್ಬು, ಡಿ ಅಂದ್ರೆ ಬಹಳ ದಟ್ಟ. ಡಿ ಅಂತ ನೋಡಿ ಅಳ್ತಾ ಬಂದೋರಿದ್ದಾರೆ, ಅದು ರೋಗ ಅಲ್ಲ, ನಿಮ್ಮ ಮೈಕಟ್ಟು, ಆದ್ರೆ ಸಿ, ಡಿ ಇದ್ದೋರಿಗೆ ಮ್ಯಾಮೋಗ್ರಾಮ್ ಒಂದೇ ಸಾಲಲ್ಲ, ಅಲ್ಟ್ರಾಸೌಂಡೂ ಮಾಡ್ಸೋದು ಒಳ್ಳೇದು.

ಮ್ಯಾಮೋಗ್ರಾಮ್ ದುಡ್ಡು ಜಾಸ್ತಿ, ಅಲ್ಟ್ರಾಸೌಂಡ್ ಒಂದೇ ಸಾಕು ಅಂತ 50 ವರ್ಷದೋರು ಹೇಳಿದ್ರೆ ನಾನು ಒಪ್ಪಲ್ಲ. ಸಣ್ಣ ಸುಣ್ಣದ ಕಣಗಳು (ಮ್ಯಾಮೋಗ್ರಾಮಲ್ಲಿ ಬಿಳಿ ಚುಕ್ಕಿ ಥರ ಕಾಣೋವು, 5ನೇ ಭಾಗದಲ್ಲಿ ಹೇಳ್ತೀನಿ) ಅಲ್ಟ್ರಾಸೌಂಡಲ್ಲಿ ಸರಿಯಾಗಿ ಕಾಣಲ್ಲ, ಕೆಲವು ಕ್ಯಾನ್ಸರ್ ಈ ಕಣಗಳಿಂದ್ಲೇ ಮೊದಲು ಗೊತ್ತಾಗೋದು.

3. ಮ್ಯಾಮೋಗ್ರಾಮ್ ದಿನ

ಮುಟ್ಟು ನಿಂತಿಲ್ದೋರು ಮುಟ್ಟು ಮುಗಿದ ಮುಂದಿನ ವಾರ ಬರ್ರಿ, ಆಗ ಎದೆ ಮೆತ್ತಗಿರುತ್ತೆ, ಒತ್ತಿದ್ರೆ ನೋವು ಕಮ್ಮಿ. ಅನುಮಾನದ ಗಂಟಿದ್ರೆ ಮಾತ್ರ ಅದಕ್ಕೆ ಕಾಯ್ಬೇಡ್ರಿ, ನಾಳೇನೇ ಬರ್ರಿ. ಬಸುರಿ ಇರಬಹುದು ಅನ್ನೋ ಅನುಮಾನ ಇದ್ರೆ ಮೊದಲೇ ಹೇಳ್ರಿ. ಊಟ ತಿಂಡಿ ಎಂದಿನಂಗೆ, ಖಾಲಿ ಹೊಟ್ಟೆ ಬೇಡ. ಸೀರೆ ರವಿಕೆ ಇಲ್ಲಾ ಚೂಡಿದಾರ್ ಟಾಪ್ ಹಾಕ್ಕೊಂಡು ಬರ್ರಿ, ಸೊಂಟದ ಮೇಲಿನ ಬಟ್ಟೆ ಮಾತ್ರ ತೆಗೀಬೇಕಾಗುತ್ತೆ, ನೈಟಿ ಆದ್ರೆ ನಿಮಗೇ ಮುಜುಗರ. ತಾಳಿ ಸರ ಚಿತ್ರದ ಮೇಲೆ ಬರುತ್ತೆ, ತೆಗೀಬೇಕು ಅಂತ ಹೇಳಿದಾಗ ಬಹಳ ಜನ ಹಿಂಜರೀತಾರೆ, ಬೆನ್ನ ಹಿಂದಕ್ಕೆ ಹಾಕ್ಕೊಳ್ರಿ, ಅದೂ ನಡೆಯುತ್ತೆ.

ಪೌಡರ್, ಡಿಯೋಡರೆಂಟ್, ಕ್ರೀಮ್ ಅವತ್ತು ಬೇಡವೇ ಬೇಡ. ಇದು ಶಿಸ್ತಿನ ಮಾತಲ್ಲ, ಡಿಯೋಡರೆಂಟಲ್ಲಿರೋ ಅಲ್ಯೂಮಿನಿಯಂ, ಕಂಕುಳಲ್ಲಿ ಗಟ್ಟಿಯಾಗಿ ಕೂತ ಪೌಡರ್ ಎಕ್ಸ್‌ರೇಲಿ ಬಿಳಿ ಚುಕ್ಕಿ ಚುಕ್ಕಿ ಕಾಣುತ್ತೆ, ಥೇಟ್ ಸುಣ್ಣದ ಕಣದ ಹಂಗೆ. ಒಬ್ಬ ಅಜ್ಜಿದು ಹಿಂಗೇ ಬಂದಿತ್ತು, ಒದ್ದೆ ಬಟ್ಟೇಲಿ ಒರೆಸಿ ಮತ್ತೆ ತೆಗೆದ್ವಿ, ಎರಡನೇ ಸಲ ಒಂದು ಚುಕ್ಕೀನೂ ಇಲ್ಲ.

ಒತ್ತೋದ್ರ ಬಗ್ಗೆ ಭಯ ಬಹಳ ಐತೆ, ನಿಜ ಹೇಳ್ತೀನಿ. ಎದೇನ ಒಂದು ತಟ್ಟೆ ಮೇಲಿಟ್ಟು ಮೇಲಿಂದ ಪಾರದರ್ಶಕ ಪ್ಲಾಸ್ಟಿಕ್ ತಟ್ಟೆ ಇಳಿಸಿ ಒತ್ತೀವಿ, ಒಂದೊಂದು ಕಡೆ ಎರಡು ಚಿತ್ರ, ಮೇಲಿಂದ ಒಂದು, ಓರೆಯಾಗಿ ಒಂದು, ಒಟ್ಟು ನಾಕು. ಒಂದೊಂದು ಸಲ ಒತ್ತಿ ಹಿಡಿಯೋದು ಕೆಲವೇ ಸೆಕೆಂಡ್. ನೋವಾಗುತ್ತೆ, ಇಲ್ಲ ಅಂತ ನಾನು ಹೇಳಲ್ಲ, ಆದ್ರೆ ತಡ್ಕೊಳ್ಳೋ ನೋವು. ಒತ್ತಿದ್ರೆ ಒಳಗಿನ ಪದರ ಹರಡ್ಕೊಂಡು ಒಂದರ ಹಿಂದೆ ಒಂದು ಬಚ್ಚಿಟ್ಕೊಂಡಿರೋದು ಬಿಚ್ಕೊಳ್ಳುತ್ತೆ, ಎಕ್ಸ್‌ರೇನೂ ಕಮ್ಮಿ ಸಾಕು. ಭುಜ ಬಿಗಿ ಹಿಡಿದ್ರೆ ನೋವು ಜಾಸ್ತಿ, ಉಸಿರು ಬಿಟ್ಟು ಭುಜ ಸಡಿಲ ಮಾಡ್ರಿ. ಒತ್ತೋದ್ರಿಂದ ಗಂಟು ಒಡೆದು ಹರಡುತ್ತೆ ಅನ್ನೋದು ಸುಳ್ಳು. ವಿಕಿರಣದ ಲೆಕ್ಕ ಕೇಳ್ತಾರೆ, ಸಾಮಾನ್ಯ ಮ್ಯಾಮೋಗ್ರಾಮ್ ಸುಮಾರು 0.4 ಮಿಲಿಸೀವರ್ಟ್, ಅಂದ್ರೆ ಮಣ್ಣು, ಗಾಳಿ, ಆಕಾಶದಿಂದ ನಮಗೆ ಹೆಂಗಿದ್ರೂ ಏಳು ವಾರದಲ್ಲಿ ಬೀಳೋವಷ್ಟು.

ಹಳೇ ಮ್ಯಾಮೋಗ್ರಾಮ್ ಇದ್ರೆ ಫಿಲ್ಮು, ಸಿಡಿ ಎಲ್ಲಾ ತರ್ರಿ, ರಿಪೋರ್ಟ್ ಹಾಳೆ ಒಂದೇ ಸಾಲಲ್ಲ. ನಾಕು ವರ್ಷದಿಂದ ಹಂಗೇ ಇರೋ ಗಂಟು ಬೇರೆ, ಹೋದ ವರ್ಷ ಇಲ್ದೆ ಈ ವರ್ಷ ಬಂದಿರೋ ಗಂಟು ಬೇರೆ, ಹಳೇ ಚಿತ್ರ ಇಲ್ದೆ ಇದು ಹೇಳೋಕಾಗಲ್ಲ. ಕೆಲವು ಕಡೆ ತ್ರೀಡಿ ಮ್ಯಾಮೋಗ್ರಾಮ್, ಅಂದ್ರೆ ಟೋಮೋಸಿಂಥೆಸಿಸ್ ಸಿಗುತ್ತೆ, ಬ್ರೆಡ್ ಸ್ಲೈಸ್ ಥರ ಪದರ ಪದರವಾಗಿ ತೋರ್ಸುತ್ತೆ, ದಟ್ಟ ಸ್ತನ ಇರೋರಿಗೆ ಉಪಯೋಗ.

4. ಅಲ್ಟ್ರಾಸೌಂಡಲ್ಲಿ ಸಾದಾ ಗಂಟು ಹೆಂಗಿರುತ್ತೆ, ಅನುಮಾನದ್ದು ಹೆಂಗಿರುತ್ತೆ

ಇದಕ್ಕೆ ತಯಾರಿ ಏನೂ ಬೇಡ, ನೋವೂ ಇಲ್ಲ, ವಿಕಿರಣಾನೂ ಇಲ್ಲ. ತಣ್ಣನೆ ಜೆಲ್ ಹಚ್ಚಿ ಪ್ರೋಬ್ (ಕೈಯಲ್ಲಿ ಹಿಡಿಯೋ ಸ್ಕ್ಯಾನ್ ಉಪಕರಣ) ಆಡಿಸ್ತಾರೆ. ಆಗ ನಿಮ್ಮ ಬೆರಳಲ್ಲೇ ಗಂಟಿರೋ ಜಾಗ ತೋರಿಸ್ರಿ, ನಾಚ್ಕೋಬೇಡ್ರಿ, ಕೂತಾಗ ಸಿಗೋ ಗಂಟು ಮಲಗಿದಾಗ ಸಿಗದೇ ಇದ್ರೆ ಕೂತ್ಕೊಂಡೇ ತೋರಿಸ್ತೀನಿ ಅಂತ ಹೇಳ್ರಿ.

ನೀರುಗಂಟು, ಅಂದ್ರೆ ಸಿಂಪಲ್ ಸಿಸ್ಟ್, ಪರದೆ ಮೇಲೆ ಕಪ್ಪಗೆ ದುಂಡಗೆ ಕಾಣುತ್ತೆ, ಅಂಚು ತೆಳ್ಳಗೆ ನುಣ್ಣಗೆ, ಅದರ ಹಿಂದಿನ ಜಾಗ ಬೆಳ್ಳಗೆ ಹೊಳೆಯುತ್ತೆ, ಯಾಕಂದ್ರೆ ಶಬ್ದದ ಅಲೆ ನೀರಲ್ಲಿ ಸಲೀಸಾಗಿ ದಾಟುತ್ತೆ. ಹಿಂಗೆ ಇದ್ರೆ ಅಲ್ಲಿಗೆ ಮುಗೀತು, ಸೂಜಿ ಬೇಡ, ನೋವಿದ್ರೆ ನೀರು ತೆಗೀತಾರೆ ಅಷ್ಟೆ.

ಫೈಬ್ರೋಅಡಿನೋಮ ಹರೆಯದಿಂದ ಮೂವತ್ತರ ಆಸುಪಾಸಿನೋರಲ್ಲಿ ಜಾಸ್ತಿ. ಪ್ರೋಬಿಂದ ಒತ್ತಿದ್ರೆ ಪರದೆ ಮೇಲೆ ಅದು ಜಾರಿ ಪಕ್ಕಕ್ಕೆ ಹೋಗೋದು ಕಣ್ಣಿಗೇ ಕಾಣುತ್ತೆ, ಕೈಯಲ್ಲಿ ಹಿಡಿದ್ರೂ ಹುಣಸೆ ಬೀಜದ ಹಂಗೆ ಬೆರಳಡಿ ಜಾರುತ್ತೆ. ಮೊಟ್ಟೆ ಆಕಾರ, ಅಂಚು ಗೆರೆ ಎಳೆದ ಹಂಗೆ ಸ್ಪಷ್ಟ, ಒಳಗೆಲ್ಲಾ ಒಂದೇ ಬಣ್ಣ.

ಇಲ್ಲೊಂದು ಮಾತು ರಿಪೋರ್ಟಲ್ಲಿ ಬಂದೇ ಬರುತ್ತೆ, "ವೈಡರ್ ದ್ಯಾನ್ ಟಾಲ್" ಅಂತ, ಇಲ್ಲಾ "ಪ್ಯಾರಲಲ್" ಅಂತ. ಗಂಟು ಚರ್ಮಕ್ಕೆ ಸಮಾನಾಂತರವಾಗಿ ಮಲಗಿದಂಗೆ ಐತೆ ಅಂತ ಅರ್ಥ. ಸಾದಾ ಗಂಟು ಸಾಮಾನ್ಯವಾಗಿ ಪದರಗಳ ಮಧ್ಯೆ ಜಾಗ ಮಾಡ್ಕೊಂಡು ಮಲಗಿ ಬೆಳೆಯುತ್ತೆ. ಕ್ಯಾನ್ಸರ್ ಪದರ ಸೀಳ್ಕೊಂಡು ಬೆಳೆಯುತ್ತೆ, ಎದ್ದು ನಿಂತಂಗೆ ಕಾಣುತ್ತೆ, ಅದಕ್ಕೆ "ಟಾಲರ್ ದ್ಯಾನ್ ವೈಡ್" ಅಂತ ಬರೀತಾರೆ. 1995ರಲ್ಲಿ ಸ್ಟಾವ್ರೋಸ್ ಅನ್ನೋ ಡಾಕ್ಟ್ರು ಮತ್ತವರ ತಂಡ ಗಟ್ಟಿ ಗಂಟುಗಳ ಈ ಲಕ್ಷಣಗಳನ್ನ ಒಂದು ಕಡೆ ಜೋಡಿಸಿ ತೋರಿಸಿದ್ರು, ಇವತ್ತಿಗೂ ಇದೇ ದಾರೀಲೇ ನೋಡೋದು.

ಅನುಮಾನದ ಗುರುತು ಇವು: ಅಂಚು ಅಂಕುಡೊಂಕು, ಕಿರಣ ಚೆಲ್ಲಿದಂಗೆ ಮುಳ್ಳು ಮುಳ್ಳು (ರಿಪೋರ್ಟಲ್ಲಿ "ಸ್ಪಿಕ್ಯುಲೇಟೆಡ್"), ಸುತ್ತಲ ಜಾಗಾನ ಎಳ್ಕೊಂಡಿರೋದು, ಗಂಟಿನ ಹಿಂದೆ ಕಪ್ಪು ನೆರಳು. ಕಂಕುಳ ದುಗ್ಧಗ್ರಂಥಿಯೂ (ಲಿಂಫ್ ನೋಡ್, ಹಾಲಿನ ಗ್ರಂಥಿ ಅಲ್ಲ) ನೋಡ್ತಾರೆ, ಮಧ್ಯೆ ಬೆಳ್ಳನೆ ಕೊಬ್ಬಿನ ತಿರುಳಿದ್ರೆ ಅದು ಆರೋಗ್ಯದ್ದು, ತಿರುಳು ಮಾಯವಾಗಿ ಗುಂಡಗೆ ಕಪ್ಪಗೆ ಆಗಿದ್ರೆ ಅನುಮಾನ.

ಈಗ ಎಚ್ಚರಿಕೆ. ಈ ಗುರುತುಗಳನ್ನ ಓದ್ಕೊಂಡು ಮನೇಲೇ ತೀರ್ಪು ಕೊಡಬೇಡ್ರಿ. ಕೆಲವು ಜೋರಾದ ಕ್ಯಾನ್ಸರ್‌ಗಳು, ಅದರಲ್ಲೂ ಟ್ರಿಪಲ್ ನೆಗೆಟಿವ್ ಅನ್ನೋ ಬಗೆ, ಗುಂಡಗೆ ನುಣ್ಣಗೆ ಫೈಬ್ರೋಅಡಿನೋಮದ ವೇಷದಲ್ಲೇ ಇರುತ್ತೆ. ಇನ್ನೊಂದು ಕಡೆ, ಎದೆಗೆ ಪೆಟ್ಟು ಬಿದ್ದು ಒಳಗಿನ ಕೊಬ್ಬು ಸತ್ತಿರೋದು, ಹಳೇ ಆಪರೇಷನ್ ಗಾಯ, ಟಿಬಿ, ಗ್ರ್ಯಾನುಲೋಮ್ಯಾಟಸ್ ಮ್ಯಾಸ್ಟೈಟಿಸ್ ಅನ್ನೋ ಉರಿಯೂತ, ಇವೆಲ್ಲಾ ಕ್ಯಾನ್ಸರ್ ಥರಾನೇ ಭಯ ಹುಟ್ಟಿಸುತ್ತವೆ, ಸೂಜಿ ಹಾಕಿದ್ರೆ ಕ್ಯಾನ್ಸರ್ ಅಲ್ಲ ಅಂತ ಬರುತ್ತೆ.

ಪದದ ಗೊಂದಲ ಒಂದು ಐತೆ, ಇದನ್ನ ನೆನಪಿಡ್ರಿ. "ಕಾಂಪ್ಲಿಕೇಟೆಡ್ ಸಿಸ್ಟ್" ಅಂದ್ರೆ ನೀರುಗಂಟಿನೊಳಗೆ ಸ್ವಲ್ಪ ಕದಡಿದ ನೀರು ಐತೆ ಅಂತ, ಹೆಸರಿಗೆ ಭಯ, ಹೆಚ್ಚಿನವು ಸಾದಾನೇ. "ಕಾಂಪ್ಲೆಕ್ಸ್ ಸಿಸ್ಟಿಕ್ ಅಂಡ್ ಸಾಲಿಡ್" ಅಂದ್ರೆ ನೀರಿನ ಜೊತೆ ಗಟ್ಟಿ ಭಾಗಾನೂ ಐತೆ ಅಂತ, ಇದಕ್ಕೆ ಸೂಜಿ ಪರೀಕ್ಷೆ ಬೇಕು. ಎರಡಕ್ಕೂ ಬಹಳ ದೂರ.

5. ಸುಣ್ಣದ ಚುಕ್ಕಿ, ಅಂದ್ರೆ ಕ್ಯಾಲ್ಸಿಫಿಕೇಶನ್

"ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸ್ಲಾ ಮೇಡಂ" ಅಂತ ಕೇಳ್ತಾರೆ. ಬೇಡ, ನೀವು ತಿನ್ನೋ ಕ್ಯಾಲ್ಸಿಯಂಗೂ ಇದಕ್ಕೂ ಸಂಬಂಧ ಇಲ್ಲ, ಹಾಲು ರಾಗಿ ಎಲ್ಲಾ ತಿನ್ರಿ.

ದಪ್ಪ ಚುಕ್ಕಿ ಹೆಚ್ಚಾಗಿ ಸಾದಾ. ಹಳೇ ಫೈಬ್ರೋಅಡಿನೋಮ ಒಣಗಿ ಜೋಳದ ಅರಳಿನಂಗೆ ದಪ್ಪ ದಪ್ಪ ಸುಣ್ಣ ಆಗಿರುತ್ತೆ, ರಿಪೋರ್ಟಲ್ಲಿ "ಪಾಪ್‌ಕಾರ್ನ್" ಅಂತಲೇ ಇರುತ್ತೆ. ರಕ್ತನಾಳದ ಗೋಡೆಗೆ ಕೂತ ಸುಣ್ಣ ರೈಲು ಹಳಿ ಥರ ಎರಡು ಗೆರೆ ಕಾಣುತ್ತೆ. ಮೊಟ್ಟೆ ಸಿಪ್ಪೆ ಥರ ಸುತ್ತ ಅಂಚಿಗೆ ಮಾತ್ರ ಇರೋದೂ ಸಾದಾ. ಅನುಮಾನ ಬರೋದು ಸಣ್ಣವು, ಆಕಾರ ಒಂದರಂಗೆ ಒಂದಿಲ್ದೇ, ಒಂದು ಕಡೆ ಗುಂಪಾಗಿದ್ರೆ, ರವೆ ಚೆಲ್ಲಿದಂಗೆ ಅಲ್ಲ, ಗಾಜು ಒಡೆದ ಚೂರು ಚೂರಿನಂಗೆ. ಅದ್ರಲ್ಲೂ ಸಣ್ಣ ಗೆರೆಗೆರೆಯಾಗಿ ಕವಲೊಡೆದಿದ್ರೆ ಬಹಳ ಅನುಮಾನ, ಯಾಕಂದ್ರೆ ಹಾಲಿನ ನಾಳದ ಒಳಗೇ ಕ್ಯಾನ್ಸರ್ ಜೀವಕೋಶ ತುಂಬ್ಕೊಂಡು ಸತ್ತ ಕಡೆ ಸುಣ್ಣ ಕೂತ್ಕೊಳ್ಳುತ್ತೆ, ನಾಳ ಹೆಂಗೆ ಕವಲಾಗಿದೆಯೋ ಸುಣ್ಣಾನೂ ಹಂಗೇ. ನಾಳ ದಾಟಿ ಹೊರಗೆ ಬಂದಿಲ್ದೇ ಇರೋ ಈ ಹಂತಕ್ಕೆ ಡಿಸಿಐಎಸ್ ಅಂತಾರೆ, ಗಂಟು ಕೈಗೆ ಸಿಗೋ ಮುಂಚೇನೇ ಹಿಡಿಯೋ ಅವಕಾಶ ಇದು.

6. ಎಂಆರ್‌ಐ ಎಲ್ರಿಗೂ ಬೇಡ

"ದೊಡ್ಡ ಸ್ಕ್ಯಾನ್ ಮಾಡಿಸ್ಬಿಡಾಣ" ಅನ್ನೋದು ತಪ್ಪು. ಎಂಆರ್‌ಐ ಬಹಳ ಸೂಕ್ಷ್ಮ, ಆದ್ರೆ ಸಾದಾ ಗಂಟನ್ನೂ ಅನುಮಾನದ್ದು ಅಂತ ತೋರ್ಸಿ ಸುಮ್ಮನೆ ಸೂಜಿ ಮೇಲೆ ಸೂಜಿ ಹಾಕ್ಸುತ್ತೆ. ಸ್ತನ ಕ್ಯಾನ್ಸರ್ ತರೋ ವಂಶವಾಹಿ ದೋಷ ಇರೋರು, ಕ್ಯಾನ್ಸರ್ ಅಂತ ಗೊತ್ತಾಗಿ ಎಷ್ಟು ಹರಡಿದೆ ನೋಡ್ಬೇಕಾದೋರು, ಕೀಮೋಗೆ ಕರಗ್ತಾ ಐತಾ ನೋಡೋಕೆ, ಕಂಕುಳಲ್ಲಿ ಕ್ಯಾನ್ಸರ್ ಗಂಟು ಸಿಕ್ಕು ಸ್ತನದಲ್ಲಿ ಏನೂ ಕಾಣ್ದೇ ಇದ್ರೆ, ಇಂಥ ಕಡೆ ಬೇಕು. ಬೋರಲು ಮಲಗಿಸಿ ಗ್ಯಾಡೋಲಿನಿಯಂ ಅನ್ನೋ ಔಷಧಿ ನರಕ್ಕೆ ಕೊಟ್ಟು ತೆಗೀತಾರೆ, ಕಿಡ್ನಿ ತೊಂದರೆ ಇದ್ರೆ, ಪೇಸ್‌ಮೇಕರ್ ಇದ್ರೆ ಮೊದಲೇ ಹೇಳ್ರಿ.

7. ರಿಪೋರ್ಟಿನ ಕೊನೇ ಸಾಲು: ಬೈರಾಡ್ಸ್ ನಂಬರ್

ಎಲ್ಲಾ ಬಿಟ್ಟು ಮೊದಲು ಇದನ್ನ ನೋಡ್ರಿ. ಅಮೆರಿಕದ ರೇಡಿಯಾಲಜಿಸ್ಟ್‌ಗಳ ಕಾಲೇಜು ಮಾಡಿರೋ ಲೆಕ್ಕ ಇದು, ಹೆಚ್ಚಿನ ಕಡೆ ಇದೇ ಬಳಸ್ತಾರೆ. ಇದು ಕ್ಯಾನ್ಸರಿನ ಸ್ಟೇಜ್ ಅಲ್ಲ! 4 ಅಂತ ನೋಡಿ "ನಾಕನೇ ಸ್ಟೇಜಂತೆ" ಅಂತ ಮನೆಯವರೆಲ್ಲಾ ಅತ್ತಿರೋದು ನಾನು ನೋಡಿದೀನಿ, ಹಂಗಲ್ಲ, ಅನುಮಾನ ಎಷ್ಟು, ಮುಂದೆ ಏನ್ ಮಾಡ್ಬೇಕು ಅನ್ನೋದರ ಗುರುತು ಅಷ್ಟೆ.

0 ಅಂದ್ರೆ ಏನೂ ಇಲ್ಲ ಅಂತ ಅಲ್ಲ, ಪರೀಕ್ಷೆ ಅಪೂರ್ಣ, ಇನ್ನೊಂದು ಚಿತ್ರ, ಅಲ್ಟ್ರಾಸೌಂಡ್ ಇಲ್ಲಾ ಹಳೇ ಫಿಲ್ಮ್ ಬೇಕು ಅಂತ. ಸೊನ್ನೆ ಬಂತು ಅಂತ ಖುಷಿಯಾಗಿ ಊರಿಗೆ ಹೋದ್ರೆ ಮೋಸ ಹೋದಂಗೆ.

1 ಅಂದ್ರೆ ಏನೂ ಕಾಣ್ಲಿಲ್ಲ. 2 ಅಂದ್ರೆ ಏನೋ ಐತೆ, ಆದ್ರೆ ಸಾದಾ ಅಂತ ಖಾತ್ರಿ.

3 ಅಂದ್ರೆ ಬಹುಮಟ್ಟಿಗೆ ಸಾದಾ, ಕ್ಯಾನ್ಸರ್ ಇರೋ ಸಾಧ್ಯತೆ ನೂರಕ್ಕೆ 2ರ ಒಳಗೆ. 6 ತಿಂಗಳಿಗೆ ಮತ್ತೆ ನೋಡ್ಬೇಕು, ಆಮೇಲೆ ವರ್ಷಕ್ಕೆ, ಎರಡು ವರ್ಷಕ್ಕೆ, ಅಲ್ಲೀತನಕ ಹಂಗೇ ಇದ್ರೆ ಸಾದಾ ಅಂತ ತೀರ್ಮಾನ. ನನಗೆ ಎಲ್ಲಕ್ಕಿಂತ ಚಿಂತೆ ಈ 3ನೇ ನಂಬರಿನೋರದ್ದು. 4, 5 ಬಂದೋರು ಭಯಕ್ಕಾದ್ರೂ ಓಡ್ತಾರೆ, 3 ಬಂದೋರು "ಏನೂ ಇಲ್ಲಂತೆ" ಅಂತ ಹೋದ್ರೆ ಆರು ತಿಂಗಳಿಗೆ ಬರೋದೇ ಇಲ್ಲ. ಮನೆ ಗೋಡೆ ಕ್ಯಾಲೆಂಡರಲ್ಲಿ ಇವತ್ತೇ ಆ ತಾರೀಕಿನ ಸುತ್ತ ಗುಂಡಗೆ ಗುರುತು ಹಾಕ್ರಿ, ಹೊಸ ಕ್ಯಾಲೆಂಡರ್ ಬಂದಾಗ ಗುರುತನ್ನೂ ಅದಕ್ಕೆ ದಾಟಿಸ್ರಿ. ಮಧ್ಯೆ ಗಂಟು ದಪ್ಪ ಆಯ್ತು ಅನ್ನಿಸಿದ್ರೆ ತಾರೀಕಿಗೆ ಕಾಯ್ಬೇಡ್ರಿ.

4 ಅಂದ್ರೆ ಅನುಮಾನ, ಸೂಜಿ ಪರೀಕ್ಷೆ ಬೇಕು. ಇದು ಅಗಲವಾದ ಗುಂಪು: 4ಎ ಅಂದ್ರೆ ನೂರಕ್ಕೆ 2ರಿಂದ 10, 4ಬಿ 10ರಿಂದ 50, 4ಸಿ 50ರಿಂದ 95. ಅಂದ್ರೆ 4ಎ ಬಂದ ಹತ್ತು ಜನರಲ್ಲಿ ಒಂಬತ್ತು ಜನಕ್ಕಾದ್ರೂ ಸಾದಾ ಅಂತಲೇ ಬರುತ್ತೆ, ಆದ್ರೂ ಸೂಜಿ ತಪ್ಪಿಸಬಾರದು. 5 ಅಂದ್ರೆ 95ಕ್ಕಿಂತ ಜಾಸ್ತಿ. 6 ಅಂದ್ರೆ ಸೂಜಿ ಪರೀಕ್ಷೇಲಿ ಆಗ್ಲೇ ಕ್ಯಾನ್ಸರ್ ಅಂತ ಗೊತ್ತಾಗಿರೋದು.

ಒಂದು ದೊಡ್ಡ ಗುಂಡಿ: ಗಂಟು ಕೈಗೆ ಸಿಗ್ತಾ ಐತೆ, ಮ್ಯಾಮೋಗ್ರಾಮ್ ಮಾತ್ರ 1 ಅಂತ ಬಂದೈತೆ. ಇದು ಬಿಡುಗಡೆ ಪತ್ರ ಅಲ್ಲ, ಮ್ಯಾಮೋಗ್ರಾಮಿಗೆ ಕಾಣದ ಕ್ಯಾನ್ಸರ್ ಇದಾವೆ. ಮತ್ತೆ ಡಾಕ್ಟ್ರ ಹತ್ರ ಹೋಗಿ "ಚಿತ್ರದಲ್ಲಿ ಇಲ್ಲ ಅಂತಾರೆ, ಕೈಗೆ ಸಿಗ್ತಾ ಐತೆ, ಏನ್ ಮಾಡಾಣ" ಅಂತ ಕೇಳ್ರಿ.

8. ಸೂಜಿ ಪರೀಕ್ಷೆ

ಎರಡು ಬಗೆ. ಎಫ್‌ಎನ್‌ಎಸಿ ಅಂದ್ರೆ ಸಣ್ಣ ಸೂಜೀಲಿ ಜೀವಕೋಶ ಎಳೆಯೋದು. ಕೋರ್ ಬಯಾಪ್ಸಿ ಅಂದ್ರೆ ಮರಗಟ್ಟೋ ಇಂಜೆಕ್ಷನ್ ಕೊಟ್ಟು, ಸಾಮಾನ್ಯವಾಗಿ 14 ಗೇಜ್ (ಸ್ವಲ್ಪ ದಪ್ಪ) ಸೂಜೀಲಿ, ಶಾವಿಗೆ ಎಳೆಯಷ್ಟು ಮಾಂಸದ ತುಂಡು ತೆಗೆಯೋದು. ಯಂತ್ರ "ಟಪ್" ಅಂತ ಶಬ್ದ ಮಾಡುತ್ತೆ, ಬೆಚ್ಚಿಬೀಳ್ಬೇಡ್ರಿ, ಮೊದಲೇ ಒಂದು ಸಲ ಶಬ್ದ ಕೇಳಿಸ್ರಿ ಅಂತ ಕೇಳಬಹುದು. ಕೇಳೋ ಆಯ್ಕೆ ಇದ್ರೆ ಕೋರ್ ಬಯಾಪ್ಸಿನೇ ಕೇಳ್ರಿ, ಕ್ಯಾನ್ಸರ್ ನಾಳದಲ್ಲೇ ಐತಾ ಹೊರಗೆ ಬಂದೈತಾ, ಇಆರ್, ಪಿಆರ್, ಹರ್2 ಅನ್ನೋ ಪರೀಕ್ಷೆ (ಯಾವ ಔಷಧಿ ನಾಟುತ್ತೆ ಅಂತ ತಿಳಿಸೋದು) ಇವೆಲ್ಲಾ ಚೆನ್ನಾಗಿ ಗೊತ್ತಾಗೋದು ತುಂಡಿನಲ್ಲೇ. ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ರೆ ಹೇಳ್ರಿ, ನೀವಾಗೇ ನಿಲ್ಲಿಸಬೇಡ್ರಿ.

ಸೂಜಿ ಚುಚ್ಚಿದ್ರೆ ಕ್ಯಾನ್ಸರ್ ಕೆರಳುತ್ತೆ, ಹರಡುತ್ತೆ ಅನ್ನೋ ಮಾತು ನಮ್ಮ ಜಿಲ್ಲೇಲಿ ಮನೆಮನೇಲೂ ಐತೆ. ಇದರಿಂದಾಗಿ ಜೀವ ಕಳ್ಕೊಳ್ಳೋದು ಜಾಸ್ತಿ, ಸೂಜಿಯಿಂದ ಅಲ್ಲ. ಪ್ರಪಂಚದಲ್ಲೆಲ್ಲಾ ಸೂಜಿ ಪರೀಕ್ಷೆ ಮಾಡಿಯೇ ಚಿಕಿತ್ಸೆ ಶುರು ಮಾಡೋದು. ನಿಜವಾದ ಅಪಾಯ ಇನ್ನೊಂದು ಕಡೆ ಐತೆ: ಪರೀಕ್ಷೇನೇ ಮಾಡ್ದೇ "ಸಣ್ಣ ಗಂಟು, ತೆಗೆದ್ಬಿಡಾಣ" ಅಂತ ಗಂಟು ಕಿತ್ತು ಹಾಕೋದು, ಆಮೇಲೆ ಕ್ಯಾನ್ಸರ್ ಅಂತ ಬಂದ್ರೆ ಎಲ್ಲಿತ್ತು, ಅಂಚಲ್ಲಿ ಉಳಿದೈತಾ ಸರಿಯಾಗಿ ತಿಳಿಯಲ್ಲ, ಬಹಳ ಸಲ ಎರಡನೇ ಆಪರೇಷನ್ ಬೇಕಾಗುತ್ತೆ.

ಸ್ಕ್ಯಾನ್ ಮೊದಲು, ಸೂಜಿ ಆಮೇಲೆ, ಈ ಕ್ರಮ ತಪ್ಪಬಾರದು. ಮೊದಲೇ ಸೂಜಿ ಹಾಕಿದ್ರೆ ಒಳಗೆ ರಕ್ತ ಕಟ್ಟಿ ಚಿತ್ರ ಕೆಡುತ್ತೆ.

ತುಂಡು ತೆಗೆದ ಕೂಡ್ಲೇ ಫಾರ್ಮಲಿನ್ ಅನ್ನೋ ದ್ರಾವಣದ ಡಬ್ಬೀಲಿ ಹಾಕ್ಬೇಕು. ಒಂದು ಸಲ ಒಬ್ರು ಬೇರೆ ಊರಿನ ನರ್ಸಿಂಗ್ ಹೋಮಿಂದ ತುಂಡನ್ನ ಸಲೈನ್ ನೀರಲ್ಲಿ ಹಾಕಿಸ್ಕೊಂಡು, ಪ್ಲಾಸ್ಟಿಕ್ ಕವರಲ್ಲಿ ಕಟ್ಕೊಂಡು ಮೂರು ಗಂಟೆ ಬಸ್ಸಲ್ಲಿ ಬಂದಿದ್ರು, ತುಂಡು ಕೆಟ್ಟು ಮತ್ತೆ ಚುಚ್ಚಿಸ್ಕೋಬೇಕಾಯ್ತು. ಡಬ್ಬಿ ನಿಮ್ಮ ಕೈಗೇ ಕೊಟ್ರೆ "ಇದು ಫಾರ್ಮಲಿನ್ನೇನಾ" ಅಂತ ಒಂದು ಮಾತು ಕೇಳ್ರಿ, ಹೆಸರು, ವಯಸ್ಸು, ಎಡಾನಾ ಬಲಾನಾ ಬರೆದಿದಾರಾ ನೋಡ್ರಿ, ಅವತ್ತೇ ಲ್ಯಾಬಿಗೆ ಮುಟ್ಟಿಸ್ರಿ.

ಫಲಿತಾಂಶ ಬಂದ್ಮೇಲೆ ಮೂರು ಸಾಕ್ಷಿ ತಾಳೆ ಹಾಕೋ ಸಮಯ. ಚಿತ್ರ 5 ಅಂತ ಹೇಳಿ ಸೂಜಿ ಸಾದಾ ಅಂದ್ರೆ, ಸೂಜಿ ಗಂಟಿನ ಪಕ್ಕ ಬಿದ್ದಿರಬಹುದು, ಮತ್ತೆ ಮಾಡ್ಬೇಕು. ಡಾಕ್ಟ್ರಿಗೆ ನೇರವಾಗಿ ಕೇಳ್ರಿ, "ಸ್ಕ್ಯಾನಿಗೂ ಬಯಾಪ್ಸಿಗೂ ಹೊಂದಿಕೆ ಆಗ್ತಾ ಐತಾ?" "ಎಟಿಪಿಕಲ್" ಅನ್ನೋ ಪದ ಇದ್ರೆ ಕ್ಯಾನ್ಸರ್ ಅಲ್ಲ, ಪೂರ್ತಿ ಸಾದಾನೂ ಅಲ್ಲ, ಸಾಮಾನ್ಯವಾಗಿ ಆ ಜಾಗ ತೆಗೆದು ನೋಡ್ತಾರೆ.

9. ದುಡ್ಡು, ಕಾರ್ಡು, ಬೆಂಗಳೂರು

30 ದಾಟಿದ ಹೆಂಗಸ್ರಿಗೆ ಸರ್ಕಾರದ ಆರೋಗ್ಯ ಕೇಂದ್ರದಲ್ಲಿ ಐದು ವರ್ಷಕ್ಕೊಂದು ಸಲ ಎದೆ ಕೈಯಲ್ಲಿ ಪರೀಕ್ಷೆ ಮಾಡೋ ಕಾರ್ಯಕ್ರಮ ಐತೆ, ಊರಿನ ಆಶಾ ಅಕ್ಕನ್ನ ಕೇಳ್ರಿ, ಬರೀ ಕೈ ಪರೀಕ್ಷೆ ಅಂತ ಅಸಡ್ಡೆ ಬೇಡ. ಮುಂಬೈನಲ್ಲಿ ಒಂದೂವರೆ ಲಕ್ಷ ಹೆಂಗಸ್ರ ಮೇಲೆ 20 ವರ್ಷ ನಡೆಸಿದ ಅಧ್ಯಯನ 2021ರಲ್ಲಿ ಬಂತು, ತರಬೇತಿ ಪಡೆದೋರು ಎರಡು ವರ್ಷಕ್ಕೊಂದು ಸಲ ಕೈಯಲ್ಲಿ ನೋಡಿದ್ರಿಂದ್ಲೇ 50 ದಾಟಿದೋರಲ್ಲಿ ಸ್ತನ ಕ್ಯಾನ್ಸರ್ ಸಾವು ಹತ್ತಿರ ಹತ್ತಿರ ಶೇಕಡಾ 30 ಕಮ್ಮಿ ಆಗಿತ್ತು.

ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಐತೆ, ಕ್ಯಾನ್ಸರ್ ಚಿಕಿತ್ಸೇನೂ ಅದರಲ್ಲಿ ಬರುತ್ತೆ. ದಾವಣಗೆರೇಲಾದ್ರೆ ಚಿಗಟೇರಿ ಜಿಲ್ಲಾಸ್ಪತ್ರೆ, ಚಿತ್ರದುರ್ಗದಲ್ಲಾದ್ರೆ ಅಲ್ಲಿನ ಜಿಲ್ಲಾಸ್ಪತ್ರೆಗೆ ಮೊದಲು ಹೋಗಿ, ಆರೋಗ್ಯಮಿತ್ರ ಅಂತ ಇರ್ತಾರೆ (ಈ ಯೋಜನೆಗೆ ದಾರಿ ತೋರ್ಸೋರು), ಅವರನ್ನ ಹುಡುಕಿ ಮಾತಾಡ್ರಿ. ದುಡ್ಡು ಕಟ್ಟಿ ಆದ್ಮೇಲೆ ಕಾರ್ಡ್ ತೋರ್ಸೋದಲ್ಲ, ಮೊದಲ ದಿನಾನೇ ತೋರ್ಸ್ರಿ.

ಮುಂದಿನ ಚಿಕಿತ್ಸೆಗೆ ಬಹಳ ಜನ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗ್ತಾರೆ. ಬರೀ ರಿಪೋರ್ಟ್ ಹಾಳೆ ಹಿಡ್ಕೊಂಡು ರಾತ್ರಿ ಬಸ್ ಹತ್ತಬೇಡ್ರಿ, ಅಲ್ಲಿ ಮತ್ತೆ ಎಲ್ಲಾ ಮೊದಲಿಂದ ಶುರು ಆಗಬಹುದು. ಮ್ಯಾಮೋಗ್ರಾಮ್ ಸಿಡಿ, ಅಲ್ಟ್ರಾಸೌಂಡ್ ಫಿಲ್ಮು, ಬಯಾಪ್ಸಿ ರಿಪೋರ್ಟ್, ಜೊತೆಗೆ ಲ್ಯಾಬಲ್ಲಿರೋ ಗಾಜಿನ ಸ್ಲೈಡು ಮತ್ತೆ ಮೇಣದ ಬ್ಲಾಕ್ (ನಿಮ್ಮ ತುಂಡನ್ನ ಮೇಣದಲ್ಲಿ ಕೂರಿಸಿಟ್ಟಿರೋ ಸಣ್ಣ ಬಿಲ್ಲೆ) ಬರೆದು ಕೊಟ್ಟು ಕೇಳಿ ತಗೊಳ್ರಿ, ಅವು ನಿಮ್ಮವೇ. ಬ್ಲಾಕನ್ನ ಬಿಸಿಲಲ್ಲಿ, ಬಸ್ಸಿನ ಇಂಜಿನ್ ಹತ್ರ ಇಡಬೇಡ್ರಿ, ಮೇಣ ಕರಗುತ್ತೆ. ಸ್ಲೈಡು ಬಟ್ಟೆ ಮಧ್ಯೆ ಸುತ್ತಿ, ಮೇಲೆ ಏನೂ ಭಾರ ಬೀಳ್ದಂಗೆ ಕೈಚೀಲದಲ್ಲಿ ನಿಮ್ಮ ತೊಡೆ ಮೇಲೇ ಇಟ್ಕೊಂಡು ಹೋಗ್ರಿ.